ನಡೆದ ದಾರಿ, ನಿಂತ ಜಾಗ: ಮಹಾಕಾವ್ಯಗಳ ವೀರರಿಗೆ ತಿಳಿವು ಸಿಕ್ಕಿದ್ದು ಎಲ್ಲಿ?

ಒಡಿಸ್ಸಿ ಎಂದ ಕೂಡಲೇ ನೆನಪಾಗುವುದು ಒಕ್ಕಣ್ಣಿನ ದೈತ್ಯ, ಹಾಡಿ ಕೊಲ್ಲುವ ಸೈರನ್‌ಗಳು, ಮನುಷ್ಯರನ್ನು ಹಂದಿ ಮಾಡುವ ಸರ್ಸಿ. ಇಡೀ ಕಾವ್ಯ ಕಡಲ ಮೇಲಿನ ಸಾಹಸವೇ ಇರಬೇಕು ಅಂದುಕೊಂಡು ಓದಲು ಕೂತವರಿಗೆ ಅಚ್ಚರಿ ಕಾದಿರುತ್ತದೆ. 24 ಸರ್ಗಗಳ ಈ ಗ್ರೀಕ್ ಕಾವ್ಯದಲ್ಲಿ ಆ ಪ್ರಸಿದ್ಧ ಸಾಹಸಗಳಿಗೆ ಸಿಕ್ಕಿರುವುದು 9ರಿಂದ 12ರವರೆಗಿನ ನಾಲ್ಕೇ ಸರ್ಗ. ಅವನ್ನೂ ಕವಿ ಹೇಳುವುದಿಲ್ಲ. ಪರದೇಶದ ರಾಜನೊಬ್ಬನ ಅರಮನೆಯಲ್ಲಿ ಊಟ ಮುಗಿಸಿ ಕೂತ ಕಥಾನಾಯಕ ಒಡಿಸ್ಯೂಸ್ ತಾನೇ ಹೇಳುತ್ತಾನೆ. 13ನೇ ಸರ್ಗಕ್ಕೆಲ್ಲ ಅವನು ತನ್ನ ದ್ವೀಪ ಇಥಾಕಾದ ದಡ ಸೇರಿಯಾಗಿರುತ್ತದೆ. ಉಳಿದ ಅರ್ಧ ಕಾವ್ಯ ಬಹುಮಟ್ಟಿಗೆ ಆ ಒಂದೇ ದ್ವೀಪದಲ್ಲಿ ನಡೆಯುತ್ತದೆ.

ಮಹಾಭಾರತದ ವನಪರ್ವವೂ ಇದೇ ಜಾತಿಯದು. ಹನ್ನೆರಡು ವರ್ಷದ ಅಲೆದಾಟ ಅನ್ನುತ್ತೇವೆ. ಆದರೆ ಪಾಂಡವರು ಒಂದು ಕಾಡು ಬಿಟ್ಟು ಇನ್ನೊಂದಕ್ಕೆ ಹೋದರು ಎನ್ನುವುದಕ್ಕೆ ಎಷ್ಟೋ ಕಡೆ ಒಂದೆರಡು ಶ್ಲೋಕದಲ್ಲೇ ಕೆಲಸ ಮುಗಿದಿದೆ. ಹೋದಲ್ಲಿ ಕೂತು ಕೇಳಿದ ಕಥೆಗಳಿಗೆ ಮಾತ್ರ ಅಧ್ಯಾಯಗಟ್ಟಲೆ ಜಾಗ: ನಳನದು, ಸಾವಿತ್ರಿಯದು, ಋಷ್ಯಶೃಂಗನದು, ಕೊನೆಗೆ ರಾಮನದು ಕೂಡ.

ಕಾಲು ನಡೆದ ದಾರಿಯ ಜೊತೆ ಮನಸ್ಸೂ ಒಂದು ದಾರಿ ನಡೆಯುತ್ತದೆ, ವೀರ ಹೊರಟಂತೆ ಮರಳುವುದಿಲ್ಲ ಎಂಬ ಮಾತು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಮಾತು ಸರಿಯೇ. ಆದರೆ ಅದನ್ನು ಕೇಳಿದರೆ ಎರಡು ಪಯಣಗಳೂ ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ಸಾಗುತ್ತವೆ ಅನ್ನಿಸುತ್ತದೆ. ಮೂಲ ಕಾವ್ಯಗಳಲ್ಲಿ ಹಾಗಾಗುವುದು ಅಪರೂಪ. ಸಾವಿರ ಯೋಜನ ನಡೆದು ಏನೂ ಕಲಿಯದವರಿದ್ದಾರೆ, ನಿಂತ ನೆಲ ಬಿಟ್ಟು ಕದಲದೆ ಎಲ್ಲ ತಿಳಿದವರಿದ್ದಾರೆ, ತಿಳಿದದ್ದನ್ನು ಮರೆತವರೂ ಇದ್ದಾರೆ. ದೂರಕ್ಕೂ ತಿಳಿವಿಗೂ ಲೆಕ್ಕ ತಾಳೆಯಾಗದ ಈ ಜಾಗಗಳನ್ನು ಹಿಡಿದು ಓದಿದರೆ ಹಳೆಯ ಕಾವ್ಯಗಳು ಬೇರೆಯೇ ಆಗಿ ಕಾಣುತ್ತವೆ.

1949ರಲ್ಲಿ ಅಮೆರಿಕದ ಜೋಸೆಫ್ ಕ್ಯಾಂಪ್‌ಬೆಲ್ ಲೋಕದ ವೀರಗಾಥೆಗಳಿಗೆಲ್ಲ ಒಂದೇ ಅಚ್ಚು ಇದೆ ಎಂದು ವಾದಿಸಿದ. ವೀರ ಮನೆ ಬಿಡುತ್ತಾನೆ, ಪರೀಕ್ಷೆಗಳನ್ನು ಗೆದ್ದು ಬದಲಾಗುತ್ತಾನೆ, ಗಳಿಸಿದ್ದನ್ನು ಹೊತ್ತು ಮರಳುತ್ತಾನೆ. ಇಂದಿನ ಸಿನಿಮಾ ಕಥೆಗಾರರಿಗೆ ಈ ಅಚ್ಚು ಬಹಳ ಅನುಕೂಲವಾಯಿತು. ಮೊದಲ ಓದಿಗೆ ಇದು ಒಳ್ಳೆಯ ಕೈಮರವೂ ಹೌದು. ಅಲ್ಲಿಗೇ ನಿಂತರೆ ಮಾತ್ರ ನಷ್ಟ. ಏಕೆಂದರೆ ಪ್ರತಿ ಕಾವ್ಯಕ್ಕೂ ಅದರದೇ ಸ್ವಭಾವ ಬರುವುದು ಅದು ಆ ಅಚ್ಚಿನಿಂದ ಎಲ್ಲಿ ಜಾರುತ್ತದೋ ಅಲ್ಲಿ.

ಏಳು ರೊಟ್ಟಿಗಳ ಸಾಕ್ಷಿ

ನಮಗೆ ಸಿಕ್ಕಿರುವ ಮಹಾಕಾವ್ಯಗಳಲ್ಲಿ ಅತಿ ಹಳೆಯ ಸಾಲಿನದು ಮೆಸೊಪೊಟೇಮಿಯದ ಗಿಲ್ಗಮೆಶ್ ಕಾವ್ಯ. ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಉರುಕ್ ಪಟ್ಟಣದ ಅರಸನ ಕಥೆ ಇದು. ಕ್ರಿ.ಪೂ. ಎರಡನೇ ಸಹಸ್ರಮಾನದ ಕೊನೆಯ ಹೊತ್ತಿಗೆ ಇದಕ್ಕೊಂದು ಸಿದ್ಧರೂಪ ಬಂತು. ಅದನ್ನು ಕೊಟ್ಟವನು ಸಿನ್-ಲೆಕಿ-ಉನ್ನಿನ್ನಿ ಎಂಬ ಪಂಡಿತ ಎಂದು ಪರಂಪರೆ ಹೇಳುತ್ತದೆ. ನಿನೆವೆಯ ಅಸ್ಸೀರಿಯ ಅರಸ ಅಶುರ್‌ಬನಿಪಾಲನ ಗ್ರಂಥಾಲಯದ ಅವಶೇಷದಲ್ಲಿ ಸಿಕ್ಕ ಮಣ್ಣಿನ ಫಲಕಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು ಬಿಡಿಸುತ್ತಿದ್ದ ಜಾರ್ಜ್ ಸ್ಮಿತ್, 1872ರಲ್ಲಿ ಇದರ ಪ್ರಳಯದ ಭಾಗವನ್ನು ಓದಿ ಲೋಕಕ್ಕೆ ತಿಳಿಸಿದ.

ಗಿಲ್ಗಮೆಶ್ ಮಾಡುವುದು ಎರಡು ಪಯಣ. ಮೊದಲನೆಯದು ಗೆಳೆಯ ಎಂಕಿಡುವಿನ ಜೊತೆ ದೇವದಾರು ಕಾಡಿಗೆ, ಅಲ್ಲಿನ ಕಾವಲುಗಾರ ಹುಂಬಾಬನನ್ನು ಕೊಂದು ಹೆಸರು ಮಾಡುವುದಕ್ಕೆ. ಹೆಸರು ಆಯಿತು, ಮರವೂ ಬಂತು, ತಿಳಿವಳಿಕೆ ಒಂದಿಷ್ಟೂ ಬರಲಿಲ್ಲ. ದೇವತೆಗಳ ಸಿಟ್ಟಿಗೆ ಎಂಕಿಡು ಬಲಿಯಾದ ಮೇಲೆ ಎರಡನೆಯ ಪಯಣ. ಸತ್ತ ಗೆಳೆಯನನ್ನು ಅವನು ಆರು ಹಗಲು ಏಳು ರಾತ್ರಿ ಮಣ್ಣು ಮಾಡಲು ಬಿಡುವುದಿಲ್ಲ. ಹೆಣದ ಮೂಗಿನಿಂದ ಹುಳು ಉದುರಿದ ಮೇಲೆ ಬಿಡುತ್ತಾನೆ. ಆ ಹುಳು ಕಂಡದ್ದೇ, ಗೆಳೆಯನ ದುಃಖದ ಜೊತೆಗೆ ‘ನಾನೂ ಹೀಗೇ ಆಗುತ್ತೇನೆಯೆ?’ ಎಂಬ ಭಯವೂ ಹತ್ತಿಕೊಳ್ಳುತ್ತದೆ. ಸಿಂಹದ ತೊಗಲು ಹೊದ್ದು, ಸಾವಿಲ್ಲದವನಾದ ಉತನಪಿಷ್ಟಿಮನನ್ನು ಹುಡುಕಿ ಲೋಕದ ತುದಿಗೆ ಹೊರಡುತ್ತಾನೆ.

ದಾರಿಯಲ್ಲಿ ಕಡಲ ತಡಿಯ ಹೆಂಡದ ಮನೆಯೊಡತಿ ಸಿದುರಿ ಅವನ ಮುಖ ನೋಡಿ ಕೊಲೆಗಡುಕನಿರಬೇಕೆಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಹಳೆಯ ಬ್ಯಾಬಿಲೋನಿಯನ್ ಪಾಠದಲ್ಲಿ ಅವಳೇ ಅವನಿಗೆ ಬುದ್ಧಿ ಹೇಳುವವಳು: ಹೊಟ್ಟೆ ತುಂಬ ಉಣ್ಣು, ಮಡಿಯುಟ್ಟು ಮಿಂದಿರು, ಕೈ ಹಿಡಿದ ಮಗುವನ್ನು ನೋಡು, ಹೆಂಡತಿಯನ್ನು ಸುಖವಾಗಿಡು, ಮನುಷ್ಯನ ಪಾಲಿಗೆ ಬಂದದ್ದು ಇಷ್ಟೇ. ಆಮೇಲಿನ ಸಿದ್ಧಪಾಠದಲ್ಲಿ ಈ ಮಾತು ಇಲ್ಲ. ಸಾವಿನ ಬಗೆಗಿನ ಬೋಧೆಯನ್ನು ಉತನಪಿಷ್ಟಿಮನ ಬಾಯಲ್ಲಿ ಇಡಲಾಗಿದೆ. ಈ ಬದಲಾವಣೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಹೆಂಡದಂಗಡಿಯಲ್ಲೇ ಉತ್ತರ ಸಿಕ್ಕಿಬಿಟ್ಟರೆ ಅವನು ಮುಂದೆ ಹೋಗುವುದಕ್ಕೆ ಕಾರಣವೇ ಉಳಿಯುವುದಿಲ್ಲವಲ್ಲ. ತಿಳಿವನ್ನು ದಾರಿಯ ಯಾವ ಮೈಲಿಗಲ್ಲಿನ ಬಳಿ ಇಡಬೇಕು ಎಂಬುದನ್ನು ಆ ಕಾಲದ ಕವಿಗಳೂ ಅಳೆದು ಸುರಿದು ನಿರ್ಧರಿಸುತ್ತಿದ್ದರು.

ಉತನಪಿಷ್ಟಿಮ್ ಉಪದೇಶಕ್ಕಿಂತ ದೊಡ್ಡ ಕೆಲಸವನ್ನು ಒಂದು ಪರೀಕ್ಷೆಯಿಂದ ಮಾಡುತ್ತಾನೆ. ಸಾವನ್ನು ಗೆಲ್ಲಬೇಕೆ? ಮೊದಲು ನಿದ್ದೆಯನ್ನು ಗೆಲ್ಲು, ಆರು ಹಗಲು ಏಳು ರಾತ್ರಿ ಎಚ್ಚರವಿರು. ಗಿಲ್ಗಮೆಶ್ ಕುಕ್ಕರಗಾಲಲ್ಲಿ ಕೂತದ್ದೇ ತಡ, ನಿದ್ದೆ ಮಂಜಿನ ಹಾಗೆ ಕವಿಯುತ್ತದೆ. ಎದ್ದ ಮೇಲೆ ನಿದ್ದೆಯೇ ಮಾಡಲಿಲ್ಲ ಅನ್ನುತ್ತಾನೆ ನೋಡು ಎಂದು ಉತನಪಿಷ್ಟಿಮ್ ಹೆಂಡತಿಯಿಂದ ದಿನಕ್ಕೊಂದು ರೊಟ್ಟಿ ಸುಡಿಸಿ ಅವನ ತಲೆಯ ಬಳಿ ಇಡಿಸುತ್ತಾನೆ, ಗೋಡೆಯ ಮೇಲೆ ದಿನದ ಗುರುತು ಹಾಕಿಸುತ್ತಾನೆ. ಹೇಳಿದ ಹಾಗೇ ಆಗುತ್ತದೆ. ಮುಟ್ಟಿ ಎಬ್ಬಿಸಿದಾಗ, ‘ಈಗಷ್ಟೇ ಜೊಂಪು ಹತ್ತಿತ್ತು’ ಅನ್ನುತ್ತಾನೆ. ಆಗ ರೊಟ್ಟಿಗಳನ್ನು ಎಣಿಸಿ ತೋರಿಸುತ್ತಾರೆ: ಮೊದಲನೆಯದು ಒಣಗಿ ಸೆಟೆದಿದೆ, ಎರಡನೆಯದು ತೊಗಲಿನಂತಾಗಿದೆ, ನಡುವಿನವು ಹಸಿಹಸಿಯಾಗಿ, ಬಿಳಿಚಿ, ಬೂಸ್ಟು ಹಿಡಿದಿವೆ, ಆರನೆಯದು ಇನ್ನೂ ಹೊಸದು, ಏಳನೆಯದು ಕೆಂಡದ ಮೇಲೇ ಇದೆ. ಗೆಳೆಯನ ಹೆಣ ಕಾದ ಅವಧಿಯೂ ಆರು ಹಗಲು ಏಳು ರಾತ್ರಿಯೇ ಆಗಿತ್ತು. ಆಗ ಕೆಡುವುದನ್ನು ಕಣ್ಣಾರೆ ಕಂಡೂ ಒಪ್ಪದೆ ಓಡಿದವನು, ಲೋಕದ ತುದಿಯಲ್ಲಿ ಅದನ್ನೇ ಇನ್ನೊಮ್ಮೆ ನೋಡಬೇಕಾಯಿತು, ಈ ಸಲ ರೊಟ್ಟಿಗಳ ರೂಪದಲ್ಲಿ. ಇಷ್ಟು ದೂರ ಬಂದದ್ದು ಹೊಸದೊಂದನ್ನು ತಿಳಿಯಲಿಕ್ಕಲ್ಲ, ಮನೆಯಲ್ಲೇ ಕಂಡಿದ್ದನ್ನು ಒಪ್ಪಿಕೊಳ್ಳಲಿಕ್ಕೆ.

ಕೊನೆಗೆ ಸಿಕ್ಕ ಯೌವನದ ಗಿಡವನ್ನೂ ಹಾವು ಕದ್ದೊಯ್ಯುತ್ತದೆ. ಬರಿಗೈಯಲ್ಲಿ ಬಂದವನು ಅಂಬಿಗ ಉರ್ಷನಬಿಗೆ ಉರುಕಿನ ಕೋಟೆ ತೋರಿಸುತ್ತಾನೆ: ಹತ್ತಿ ನಡೆದು ನೋಡು, ಇಟ್ಟಿಗೆ ನೋಡು, ಇಷ್ಟು ಭಾಗ ಊರು, ಇಷ್ಟು ಖರ್ಜೂರದ ತೋಟ, ಇಷ್ಟು ಮಣ್ಣು ತೆಗೆಯುವ ಹೊಂಡ. ಕಾವ್ಯದ ಆರಂಭದಲ್ಲಿ ಕವಿ ಓದುಗನಿಗೆ ಹೇಳಿದ ಸಾಲುಗಳೇ ಇವು. ಮಾತು ಬದಲಾಗಿಲ್ಲ, ಆಡುವವನು ಬದಲಾಗಿದ್ದಾನೆ. ಬದಲಾದ ಎಂದು ಕವಿ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ ಅನ್ನುವುದನ್ನೂ ಗಮನಿಸಬೇಕು.

ಹೆಸರು ಹೇಳಿ ಕೆಟ್ಟವನು

ಒಡಿಸ್ಯೂಸನ ಸಮಸ್ಯೆ ಬೇರೆ. ಅವನಿಗೆ ಬುದ್ಧಿ ಮೊದಲೇ ಬೇಕಾದಷ್ಟಿದೆ. ಗ್ರೀಕರು ಮುತ್ತಿದ್ದ ಟ್ರಾಯ್ ನಗರ ಬಿದ್ದದ್ದೇ ಅವನ ಮರದ ಕುದುರೆಯ ಉಪಾಯದಿಂದ. ಅವನು ಕಲಿಯಬೇಕಾದದ್ದು ಬುದ್ಧಿಯ ಬಾಯಿ ಕಟ್ಟುವುದನ್ನು.

ಒಕ್ಕಣ್ಣ ಪಾಲಿಫೆಮಸನ ಗುಹೆಯಲ್ಲಿ ತನ್ನ ಹೆಸರು ‘ಯಾರೂ ಅಲ್ಲ’ ಎಂದು ಹೇಳಿ ಅವನು ಬಚಾವಾಗುತ್ತಾನೆ. ಕಣ್ಣು ಕಳೆದುಕೊಂಡ ದೈತ್ಯ ‘ಯಾರೂ ಅಲ್ಲ ನನ್ನನ್ನು ಕೊಲ್ಲುತ್ತಿದ್ದಾನೆ’ ಎಂದು ಕೂಗಿದರೆ ನೆರೆಯವರು ಬರುವುದಾದರೂ ಹೇಗೆ? ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಮುಗಿದಿತ್ತು. ಆದರೆ ಹಡಗು ದೂರ ಸರಿಯುತ್ತಿದ್ದಂತೆ ಅವನಿಗೆ ತಡೆಯಲಾಗುವುದಿಲ್ಲ. ಜೊತೆಯವರು ಬೇಡ ಬೇಡವೆಂದರೂ ಕೇಳದೆ, ನಿನ್ನ ಕಣ್ಣು ಕಿತ್ತವನು ಇಥಾಕಾದ ಲಾಯರ್ಟೀಸನ ಮಗ ಒಡಿಸ್ಯೂಸ್ ಎಂದು ಹೆಸರು, ಊರು, ತಂದೆಯನ್ನೆಲ್ಲ ಕೂಗಿ ಹೇಳುತ್ತಾನೆ. ಪಾಲಿಫೆಮಸನಿಗೆ ಬೇಕಾದದ್ದೂ ಅದೇ. ಆ ಹೆಸರು ಹಿಡಿದೇ ತನ್ನ ತಂದೆ, ಕಡಲ ದೇವರು ಪೊಸೈಡನನಿಗೆ ಮೊರೆಯಿಡುತ್ತಾನೆ. ಹನ್ನೆರಡು ಹಡಗುಗಳ ದಂಡು ಕರಗುತ್ತ ಹೋಗಿ ಕೊನೆಗೆ ಒಬ್ಬನೇ, ಮೈಮೇಲೆ ಬಟ್ಟೆಯೂ ಇಲ್ಲದೆ, ಫೇಷಿಯನ್ನರೆಂಬ ಪರದೇಶದವರ ದಡಕ್ಕೆ ಬಂದು ಬೀಳುತ್ತಾನೆ.

ಅಲ್ಲಿ ನಡೆಯುವುದು ಇಡೀ ಕಾವ್ಯದ ನಡುಗಂಬ. ಸಭೆಯಲ್ಲಿ ಕುರುಡ ಗಾಯಕ ಡೆಮೊಡೊಕಸ್ ಹಾಡುತ್ತಿದ್ದಾನೆ. ಇವನಾರೆಂದು ಯಾರಿಗೂ ಗೊತ್ತಿಲ್ಲ. ಮರದ ಕುದುರೆಯ ಕಥೆ ಹಾಡು ಎಂದು ಒಡಿಸ್ಯೂಸನೇ ಕೇಳುತ್ತಾನೆ, ತನ್ನ ಹೊಗಳಿಕೆ ಕೇಳುವ ಆಸೆ ಇರಬಹುದು. ಹಾಡು ಮುಂದುವರಿದಂತೆ ಅಳಲು ತೊಡಗುತ್ತಾನೆ. ಕವಿ ಕೊಡುವ ಉಪಮೆ ಹೀಗಿದೆ: ಊರು ಕಾಯಲು ಹೋರಾಡಿ ಬಿದ್ದ ಗಂಡನ ಮೇಲೆ ಬಿದ್ದು ಹೆಂಡತಿ ಅಳುವ ಹಾಗೆ, ಹಿಂದಿನಿಂದ ಶತ್ರುಗಳು ಈಟಿಯಿಂದ ತಿವಿದು ಅವಳನ್ನು ಗುಲಾಮಳಾಗಿ ಎಳೆದೊಯ್ಯುವ ಹಾಗೆ. ಊರು ಸುಟ್ಟವನು, ಸುಟ್ಟುಹೋದ ಊರಿನ ಹೆಂಗಸಿನಂತೆ ಅಳುತ್ತಾನೆ. ಇಷ್ಟು ಕಡಲು ಸುತ್ತಿದರೂ ಆಗದ ಕೆಲಸ ಒಂದು ಹಾಡು ಕೇಳುತ್ತ ಕೂತಾಗ ಆಯಿತು. ಇದಾದ ಮೇಲೆಯೇ ಅವನು ತನ್ನ ಹೆಸರು ಹೇಳಿ ಕಥೆ ಶುರುಮಾಡುವುದು. ಈ ಸಲ ಕೂಗಿ ಹೇಳುವುದಿಲ್ಲ, ಕೇಳಿದ್ದಕ್ಕೆ ಹೇಳುತ್ತಾನೆ.

ಇನ್ನೊಂದು ಸಂಗತಿಯನ್ನು ಗಿಲ್ಗಮೆಶನ ಪಕ್ಕ ಇಟ್ಟು ನೋಡಬೇಕು. ಸತ್ತವರ ಲೋಕದಲ್ಲಿ ಒಡಿಸ್ಯೂಸ್ ಮಹಾವೀರ ಅಕಿಲೀಸನನ್ನು ಕಂಡು, ನೀನಿಲ್ಲಿಯೂ ರಾಜನೇ ಎಂದು ಸಮಾಧಾನ ಹೇಳಿದರೆ, ಸತ್ತವರಿಗೆಲ್ಲ ರಾಜನಾಗುವುದಕ್ಕಿಂತ ಬದುಕಿ ಬಡವನೊಬ್ಬನ ಹೊಲದಲ್ಲಿ ಕೂಲಿ ಮಾಡುವುದೇ ವಾಸಿ ಎಂಬ ಉತ್ತರ ಬರುತ್ತದೆ. ಅದನ್ನು ಕೇಳಿಸಿಕೊಂಡ ಮೇಲೆ ಅವನು ಕ್ಯಾಲಿಪ್ಸೊ ಎಂಬ ದೇವಕನ್ಯೆಯ ದ್ವೀಪದಲ್ಲಿ ಏಳು ವರ್ಷ ಸಿಕ್ಕಿಬೀಳುತ್ತಾನೆ. ಅವಳು ಸಾವಿಲ್ಲದ ಬದುಕನ್ನೇ ಕೊಡುತ್ತೇನೆ ಅನ್ನುತ್ತಾಳೆ. ನನ್ನ ಹೆಂಡತಿ ಪೆನೆಲೊಪೆ ರೂಪದಲ್ಲಿ ನಿನಗೆ ಸಮವಲ್ಲ, ಅವಳು ಸಾಯುವವಳು, ಗೊತ್ತಿದೆ. ಆದರೂ ಮನೆಗೇ ಹೋಗುತ್ತೇನೆ ಅನ್ನುತ್ತಾನೆ ಇವನು. ಗಿಲ್ಗಮೆಶ್ ಲೋಕದ ತುದಿಗೆ ಹೋಗಿ ಬೇಡಿದ್ದು, ಒಡಿಸ್ಯೂಸನಿಗೆ ಬೇಡದೆ ಬಂದು ಬೇಡವಾದದ್ದು, ಎರಡೂ ಒಂದೇ ವಸ್ತು.

ಇಥಾಕಾದಲ್ಲಿ ಅವನು ಭಿಕ್ಷುಕನ ವೇಷದಲ್ಲಿ ತನ್ನ ಮನೆಯಲ್ಲೇ ಒದೆ ತಿನ್ನುತ್ತಾನೆ. 20ನೇ ಸರ್ಗದಲ್ಲಿ ಒಂದು ರಾತ್ರಿ, ಅರಮನೆಯ ದಾಸಿಯರು ಪೆನೆಲೊಪೆಯನ್ನು ಮದುವೆಯಾಗಲು ಬಂದು ಠಿಕಾಣಿ ಹೂಡಿದವರ ಜೊತೆ ನಗುತ್ತ ಹೋಗುವುದನ್ನು ನೋಡಿ ಅವನ ಎದೆ, ಮರಿಗಳಿಗೆ ಅಡ್ಡ ನಿಂತ ನಾಯಿಯ ಹಾಗೆ, ಬೊಗಳುತ್ತದೆ. ಅವನು ಎದೆ ಗುದ್ದಿಕೊಂಡು ಅದನ್ನು ಗದರಿಸುತ್ತಾನೆ: ತಾಳು, ಆ ಒಕ್ಕಣ್ಣ ನಿನ್ನ ಜೊತೆಯವರನ್ನು ತಿಂದ ದಿನ ಇದಕ್ಕಿಂತ ಹೆಚ್ಚಿನದನ್ನು ತಾಳಿದ್ದೆ. ಗುಹೆಯಲ್ಲಿ ಕಲಿತ ಪಾಠ ಇಲ್ಲಿ, ತನ್ನ ಮನೆಯ ಹಜಾರದಲ್ಲಿ, ಕೆಲಸಕ್ಕೆ ಬಂತು. ಅರ್ಧ ಕಾವ್ಯವನ್ನು ಕವಿ ಒಂದೇ ದ್ವೀಪದಲ್ಲಿ ಯಾಕೆ ಕಳೆದ ಅನ್ನುವುದಕ್ಕೆ ನನಗೆ ಹೊಳೆಯುವ ಕಾರಣ ಇದು. ಕಲಿತದ್ದು ಉಪಯೋಗಕ್ಕೆ ಬರುವ ಜಾಗ ಅದು.

ಮರದ ಮೇಲೆ ಕೂತ ಹನುಮಂತನ ಲೆಕ್ಕಾಚಾರ

ರಾಮಾಯಣದ ಭೂಪಟ ಉದ್ದವಾದದ್ದು. ಅಯೋಧ್ಯೆ, ಚಿತ್ರಕೂಟ, ದಂಡಕಾರಣ್ಯ, ಪಂಚವಟಿ, ಕಿಷ್ಕಿಂಧೆ, ಲಂಕೆ, ಹದಿನಾಲ್ಕು ವರ್ಷ. ರಾಮನ ಮನಸ್ಸಿನ ಪಯಣ ಎಷ್ಟು ಎಂದು ಕೇಳಿದರೆ ಉತ್ತರ ಕಷ್ಟ. ಹೊರಡುವ ಮುಂಚೆಯೇ ಅವನು ತಾನೇನು ಮಾಡಬೇಕೆಂದು ಖಚಿತವಾಗಿ ತಿಳಿದವನು, ಆ ಖಚಿತತೆಯೇ ಅವನ ಕಷ್ಟಗಳ ಮೂಲವೂ ಹೌದು. ಯೋಚಿಸುತ್ತ ಸಾಗುವ ಮನಸ್ಸನ್ನು ವಾಲ್ಮೀಕಿ ಹತ್ತಿರದಿಂದ ತೋರಿಸುವುದು ಹನುಮಂತನಲ್ಲಿ.

ಅವನ ಜಿಗಿತ ನೂರು ಯೋಜನ. ಆದರೆ ಜಿಗಿತಕ್ಕೆ ಮುಂಚೆ ಅವನು ತನ್ನ ಶಕ್ತಿಯ ಅರಿವಿಲ್ಲದೆ ಸುಮ್ಮನೆ ಕೂತಿದ್ದಾನೆ, ಜಾಂಬವಂತ ನೆನಪಿಸಬೇಕಾಗುತ್ತದೆ. ಹಾರುವಾಗ ಮೂರು ಅಡ್ಡಿ. ಮೈನಾಕ ಪರ್ವತ ಎದ್ದು ಬಂದು ವಿಶ್ರಾಂತಿ ತಗೋ ಅನ್ನುತ್ತದೆ. ಕೈಯಿಂದ ಮುಟ್ಟಿ ಗೌರವ ತೋರಿಸಿ ಮುಂದೆ ಹೋಗುತ್ತಾನೆ. ನಾಗಮಾತೆ ಸುರಸೆ ಬಾಯಿ ತೆರೆದು ನಿಲ್ಲುತ್ತಾಳೆ. ಅವಳು ಬಾಯಿ ದೊಡ್ಡದು ಮಾಡಿದಂತೆ ಮೈ ಬೆಳೆಸಿ, ಥಟ್ಟನೆ ಹೆಬ್ಬೆರಳಷ್ಟಾಗಿ ಒಳಹೊಕ್ಕು ಹೊರಬರುತ್ತಾನೆ. ನೆರಳು ಹಿಡಿದು ಎಳೆಯುವ ಸಿಂಹಿಕೆಯನ್ನು ಮಾತ್ರ ಸೀಳಿ ಕೊಲ್ಲುತ್ತಾನೆ. ಒಂದಕ್ಕೆ ವಿನಯ, ಒಂದಕ್ಕೆ ಯುಕ್ತಿ, ಒಂದಕ್ಕೆ ಬಲ. ಯಾರಿಗೆ ಯಾವುದು ಎಂಬ ವಿವೇಚನೆಯೇ ಇಲ್ಲಿನ ಸಾಹಸ.

ಲಂಕೆಯೊಳಗೆ ಹೊಕ್ಕ ಮೇಲೆ ದೇಹದ ವೇಗ ನಿಧಾನವಾಗಿ, ಮನಸ್ಸಿನ ವೇಗ ಹೆಚ್ಚುತ್ತದೆ. ರಾವಣನ ಅಂತಃಪುರದಲ್ಲಿ ಮಲಗಿದ್ದ ಮಂಡೋದರಿಯನ್ನು ಸೀತೆಯೆಂದುಕೊಂಡು ಖುಷಿಯಿಂದ ಬಾಲಕ್ಕೆ ಮುತ್ತಿಡುತ್ತಾನೆ, ಕಂಬ ಹತ್ತಿ ಇಳಿಯುತ್ತಾನೆ, ಅಪ್ಪಟ ಕಪಿಚೇಷ್ಟೆ. ಮರುಕ್ಷಣವೇ ತಿದ್ದಿಕೊಳ್ಳುತ್ತಾನೆ: ರಾಮನನ್ನು ಅಗಲಿದ ಸೀತೆ ಹೀಗೆ ಸಿಂಗರಿಸಿಕೊಂಡು ಉಂಡು ಮಲಗುವಳೆ? ಆಮೇಲೆ ಇನ್ನೊಂದು ಚಿಂತೆ, ಮಲಗಿದ ಪರಸ್ತ್ರೀಯರನ್ನು ನೋಡಿಬಿಟ್ಟೆನಲ್ಲ, ಇದು ತಪ್ಪಲ್ಲವೆ? ಇಂದ್ರಿಯಗಳನ್ನು ಒಳಿತಿಗೋ ಕೆಡುಕಿಗೋ ತಿರುಗಿಸುವುದು ಮನಸ್ಸು, ನನ್ನ ಮನಸ್ಸು ಕದಲಲಿಲ್ಲ. ಅಲ್ಲದೆ ಹೆಣ್ಣನ್ನು ಹೆಣ್ಣುಗಳ ನಡುವೆಯೇ ತಾನೆ ಹುಡುಕಬೇಕು ಎಂದು ತನಗೆ ತಾನೇ ವಾದ ಮಂಡಿಸಿ ಮುಗಿಸುತ್ತಾನೆ.

ಅಶೋಕವನದಲ್ಲಿ ಸೀತೆ ಕಂಡ ಮೇಲಿನ ಭಾಗವಂತೂ ಅಪೂರ್ವ. ಶಿಂಶುಪಾ ಮರದ ಎಲೆಗಳ ಮರೆಯಲ್ಲಿ ಕೂತು ಅವನು ಯೋಚಿಸುವುದು ಯಾವ ಭಾಷೆಯಲ್ಲಿ ಮಾತಾಡಲಿ ಎಂದು. ದ್ವಿಜನಂತೆ ಸಂಸ್ಕೃತದಲ್ಲಿ ಮಾತಾಡಿದರೆ ರಾವಣನೇ ವೇಷ ಹಾಕಿ ಬಂದನೆಂದು ಹೆದರುತ್ತಾಳೆ. ಹೆದರಿ ಕೂಗಿದರೆ ರಾಕ್ಷಸಿಯರು ಏಳುತ್ತಾರೆ, ಹೊಡೆದಾಟವಾಗುತ್ತದೆ, ದಣಿದರೆ ಮತ್ತೆ ಕಡಲು ದಾಟಲಾಗದೆ ಹೋಗಬಹುದು. ಹಾಗಂತ ಸುಮ್ಮನಿದ್ದರೆ ಅವಳು ಪ್ರಾಣ ಬಿಡಬಹುದು. ಕೊನೆಗೆ, ಮನುಷ್ಯರ ಮಾತಿನಲ್ಲಿ, ರಾಮನ ಕಥೆಯನ್ನೇ ಮೆಲ್ಲಗೆ ಹೇಳುತ್ತ ಹೋಗುವುದೆಂದು ನಿಶ್ಚಯಿಸುತ್ತಾನೆ. ನೂರು ಯೋಜನ ಹಾರಿದವನಿಗೆ ಮರದಿಂದ ನೆಲಕ್ಕಿರುವ ಆ ನಾಲ್ಕು ಮಾರು ದೂರ ಅದಕ್ಕಿಂತ ಕಷ್ಟವಾಯಿತು.

ಕದಲದ ರಥ, ಉಳಿಯದ ಪಾಠ

ಮಹಾಭಾರತದ ಅರ್ಜುನನಷ್ಟು ತಿರುಗಿದ ವೀರರು ಕಡಿಮೆ. ತೀರ್ಥಯಾತ್ರೆ, ಕಿರಾತನ ವೇಷದ ಶಿವನ ಜೊತೆ ಕಾಳಗ, ಪಾಶುಪತಾಸ್ತ್ರ, ಇಂದ್ರನ ಊರಲ್ಲಿ ಐದು ವರ್ಷ. ಅಲ್ಲಿ ಅಸ್ತ್ರಗಳ ಜೊತೆಗೆ ಗಂಧರ್ವ ಚಿತ್ರಸೇನನಿಂದ ಕಲಿತ ಹಾಡು ಕುಣಿತವೇ ಮುಂದೆ ಬೃಹನ್ನಳೆಯಾಗಿ ಅವನ ಅಜ್ಞಾತವಾಸಕ್ಕೆ ಆಧಾರ. ಆದರೆ ಅವನ ದೊಡ್ಡ ತಿಳಿವು ಸಿಕ್ಕಿದ್ದು ನಿಂತ ರಥದಲ್ಲಿ. ಎರಡು ಸೇನೆಗಳ ನಡುವೆ ರಥ ನಿಲ್ಲಿಸು ಎಂದು ಕೃಷ್ಣನಿಗೆ ಹೇಳಿದ ಮೇಲೆ, 18 ಅಧ್ಯಾಯಗಳ, ಸುಮಾರು 700 ಶ್ಲೋಕಗಳ ಸಂವಾದ ಮುಗಿಯುವವರೆಗೆ ಆ ರಥ ಒಂದಡಿಯೂ ಮುಂದೆ ಹೋಗುವುದಿಲ್ಲ.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ನೆನೆಯದ ಮುಂದುವರಿಕೆ ಅಶ್ವಮೇಧಿಕ ಪರ್ವದಲ್ಲಿದೆ. ಯುದ್ಧ ಮುಗಿದಿದೆ, ಕೃಷ್ಣ ದ್ವಾರಕೆಗೆ ಹೊರಡುವವನಿದ್ದಾನೆ. ಆಗ ಅರ್ಜುನ ಹೇಳುತ್ತಾನೆ, ಅಂದು ನೀನು ಹೇಳಿದ್ದೆಲ್ಲ ಮನಸ್ಸಿನಿಂದ ಹಾರಿಹೋಗಿದೆ, ಇನ್ನೊಮ್ಮೆ ಹೇಳು ಎಂದು. ಕೃಷ್ಣನಿಗೆ ಬೇಸರವಾಗುತ್ತದೆ. ಅದನ್ನು ಅದೇ ರೀತಿ ಪೂರ್ತಿಯಾಗಿ ಮತ್ತೆ ಹೇಳಲು ನನ್ನಿಂದಾಗದು, ಅಂದು ಯೋಗದಲ್ಲಿದ್ದು ಹೇಳಿದ್ದೆ ಎಂದು ಗದರಿಸಿ, ಅದರ ಬದಲಿಗೆ ಬೇರೊಂದು ಬೋಧೆ ಹೇಳುತ್ತಾನೆ. ಅದೇ ಅನುಗೀತೆ. ಈ ಪ್ರಸಂಗ ನನಗೆ ಬಹಳ ಇಷ್ಟ. ಒಮ್ಮೆ ತಿಳಿದವನು ಕೊನೆಯವರೆಗೂ ತಿಳಿದವನಾಗಿಯೇ ಉಳಿಯುತ್ತಾನೆ ಎಂಬ ನಮ್ಮ ನಂಬಿಕೆಗೆ ಮಹಾಭಾರತ ಒಪ್ಪಿಗೆ ಕೊಡುವುದಿಲ್ಲ. ಅಸ್ತ್ರ ಮಂತ್ರಗಳು ನೆನಪಿದ್ದವು, ಗೀತೆ ಮರೆತುಹೋಯಿತು.

ಯುಧಿಷ್ಠಿರನದು ಇದಕ್ಕೆ ವಿರುದ್ಧ, ಬಹಳ ನಿಧಾನವಾದ ಕಲಿಕೆ. ಜೂಜಿನಲ್ಲಿ ಎಲ್ಲ ಕಳೆದುಕೊಂಡವನಿಗೆ ಕಾಡಿನಲ್ಲಿ ಬೃಹದಶ್ವ ಋಷಿ ಜೂಜಿನಲ್ಲೇ ಕೆಟ್ಟ ನಳನ ಕಥೆ ಹೇಳಿ, ಕೊನೆಗೆ ಅಕ್ಷಹೃದಯ ಎಂಬ ದಾಳದ ವಿದ್ಯೆಯನ್ನೂ ಕಲಿಸುತ್ತಾನೆ. ಆ ವಿದ್ಯೆ ಹಿಡಿದು ಅವನು ಗೆಲ್ಲಲು ಹೋಗಲಿಲ್ಲ. ವಿರಾಟನ ಆಸ್ಥಾನದಲ್ಲಿ ಕಂಕನೆಂಬ ಹೆಸರಲ್ಲಿ ರಾಜನಿಗೆ ಪಗಡೆಯ ಜೊತೆಗಾರನಾಗಿ ಕೂತ. ಅಲ್ಲಿ ಒಂದು ದಿನ ವಿರಾಟ ಸಿಟ್ಟಿನಲ್ಲಿ ದಾಳವನ್ನೇ ಅವನ ಮುಖಕ್ಕೆ ಎಸೆಯುತ್ತಾನೆ. ಮೂಗಿನಿಂದ ಒಸರಿದ ರಕ್ತವನ್ನು ಅವನು ಕೈಯಲ್ಲಿ ಹಿಡಿದರೆ, ಸೈರಂಧ್ರಿಯಾಗಿದ್ದ ದ್ರೌಪದಿ ನೀರು ತುಂಬಿದ ಪಾತ್ರೆಯನ್ನು ಒಡ್ಡುತ್ತಾಳೆ. ಅವಳನ್ನೇ ಒತ್ತೆಯಿಟ್ಟು ಆಡಿದ ದಾಳ ಅದು. ವ್ಯಾಖ್ಯಾನ ಮಾಡದೆ ವ್ಯಾಸರು ಮುಂದೆ ಹೋಗುತ್ತಾರೆ.

ಅವನ ತಿಳಿವಿನ ಮೈಲಿಗಲ್ಲುಗಳೆಲ್ಲ ಪ್ರಶ್ನೆಗಳು. ಭೀಮನನ್ನು ಸುತ್ತಿಕೊಂಡ ಹೆಬ್ಬಾವು, ಅಂದರೆ ಶಾಪಗ್ರಸ್ತ ನಹುಷ, ಬ್ರಾಹ್ಮಣ ಯಾರು ಎಂದು ಕೇಳಿದರೆ ಸತ್ಯ, ದಾನ, ಕ್ಷಮೆ, ಶೀಲಗಳು ಯಾರಲ್ಲಿವೆಯೋ ಅವನು ಎಂಬ ಉತ್ತರ. ಬ್ರಾಹ್ಮಣನ ಅರಣಿ ಹೊತ್ತೊಯ್ದ ಜಿಂಕೆಯ ಬೆನ್ನುಹತ್ತಿ ಬಂದ ಕೊಳದ ದಡದಲ್ಲಿ, ತಮ್ಮಂದಿರ ನಾಲ್ಕು ಹೆಣಗಳ ನಡುವೆ ನಿಂತು ಯಕ್ಷನಿಗೆ ಉತ್ತರಿಸುತ್ತಾನೆ. ಒಬ್ಬನನ್ನು ಬದುಕಿಸುತ್ತೇನೆ ಅಂದರೆ ಭೀಮ, ಅರ್ಜುನರನ್ನು ಬಿಟ್ಟು ನಕುಲನನ್ನು ಕೇಳುತ್ತಾನೆ; ಕುಂತಿಗೆ ನಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂದು. ಕೊನೆಯ ಪ್ರಯಾಣದಲ್ಲಿ ಹೆಂಡತಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದ ಮೇಲೆ ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲ ಅನ್ನುತ್ತಾನೆ. ಅಲ್ಲಿ ಹೋದರೆ ಸುಖವಾಗಿ ಕೂತವನು ದುರ್ಯೋಧನ, ತನ್ನವರೆಲ್ಲ ನರಕದಲ್ಲಿ. ಈ ಜಾಗದಲ್ಲಿ ಧರ್ಮರಾಜ ದೇವರನ್ನೂ ಧರ್ಮವನ್ನೂ ಬೈಯುತ್ತಾನೆ. ಆ ದುರ್ವಾಸನೆಯ ದಾರಿಯಿಂದ ಹಿಂದೆ ತಿರುಗಿದವನು, ತಮ್ಮಂದಿರ ದನಿ ಕೇಳಿ ಅಲ್ಲೇ ನಿಲ್ಲುತ್ತಾನೆ. ಕೊಳದ ಬಳಿ, ನಾಯಿಯ ರೂಪದಲ್ಲಿ, ಈಗ ಇಲ್ಲಿ, ಹೀಗೆ ಮೂರು ಸಲ ನಿನ್ನನ್ನು ಪರೀಕ್ಷಿಸಿದೆ ಎಂದು ತಂದೆ ಯಮಧರ್ಮ ಆಮೇಲೆ ಹೇಳುತ್ತಾನೆ. ಮೂರರಲ್ಲೂ ಅವನು ಗೆದ್ದದ್ದು, ತನ್ನ ಪಾಡು ತಾನು ನೋಡಿಕೊಂಡು ಮುಂದೆ ಹೋಗಬಹುದಾಗಿದ್ದಾಗ ಹೋಗದೆ ನಿಂತದ್ದರಿಂದ.

ಕನ್ನಡದ ಓದುಗರಿಗೆ ಇಲ್ಲಿ ಪಂಪನ ಆದಿಪುರಾಣ ನೆನಪಾಗದೆ ಇರದು. ಕ್ರಿ.ಶ. 941ರ ಈ ಕಾವ್ಯ ಹಿಂದಿನವುಗಳಷ್ಟು ಪ್ರಾಚೀನವಲ್ಲ, ಕಥೆ ಮಾತ್ರ ಹಳೆಯದು. ಆರು ಖಂಡಗಳನ್ನು ಗೆದ್ದ ಭರತ ಚಕ್ರವರ್ತಿ ವೃಷಭಾಚಲಕ್ಕೆ ಬಂದು ತನ್ನ ಪ್ರಶಸ್ತಿ ಕೆತ್ತಿಸಲು ನೋಡುತ್ತಾನೆ. ಬಂಡೆಯ ತುಂಬ ಹಿಂದಿನ ಚಕ್ರವರ್ತಿಗಳ ಹೆಸರು, ಒಂದು ಹೆಸರಿಗೂ ಜಾಗವಿಲ್ಲ. ಅವನ ಗರ್ವ ಮುರಿಯುತ್ತದೆ. ಆದರೂ ಯಾರದೋ ಹೆಸರು ಅಳಿಸಿ ತನ್ನದನ್ನು ಬರೆಸುತ್ತಾನೆ! ಗರ್ವ ಮುರಿದದ್ದೂ ನಿಜ, ಅಳಿಸಿದ್ದೂ ನಿಜ. ತಿಳಿದ ಮಾತ್ರಕ್ಕೆ ಕೈ ತಡೆಯುವುದಿಲ್ಲ ಎಂಬುದನ್ನು ಇಷ್ಟು ಚಿಕ್ಕದಾಗಿ ತೋರಿಸಿದ ಪ್ರಸಂಗ ನಾನು ಬೇರೆ ಕಂಡಿಲ್ಲ. ಅವನ ತಮ್ಮ ಬಾಹುಬಲಿ ಗೆದ್ದ ಮೇಲೂ ಎಲ್ಲ ಬಿಟ್ಟು, ಮೈಗೆ ಬಳ್ಳಿ ಹಬ್ಬುವಷ್ಟು ಕಾಲ ನಿಂತಲ್ಲೇ ನಿಂತ.

ಅರ್ಥವಾಗದ್ದನ್ನು ಹೊತ್ತವನು

ರೋಮಿನ ವರ್ಜಿಲ್ ಬರೆದ ಈನಿಯಡ್ ಕಾವ್ಯದ ನಾಯಕ ಈನಿಯಸನಿಗೆ ಮರಳಿ ಹೋಗಲು ಊರೇ ಇಲ್ಲ. ಉರಿಯುವ ಟ್ರಾಯ್‌ನಿಂದ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು, ಮಗನ ಕೈ ಹಿಡಿದು ಹೊರಡುತ್ತಾನೆ. ಹಿಂದೆ ಬರುತ್ತಿದ್ದ ಹೆಂಡತಿ ಕತ್ತಲಲ್ಲಿ ಕಳೆದುಹೋಗುತ್ತಾಳೆ. ಅವನ ದಾರಿ ಮುಂದೆ ಎಂದೋ ಕಟ್ಟಲಾಗುವ ನಗರಕ್ಕೆ. ತಿಳಿವೂ ಅವನಿಗೆ ಮುಂದಿನಿಂದಲೇ ಬರುತ್ತದೆ: ಆರನೆಯ ಸರ್ಗದಲ್ಲಿ ಸತ್ತವರ ಲೋಕಕ್ಕೆ ಇಳಿದಾಗ ತಂದೆಯ ಆತ್ಮ ಇನ್ನೂ ಹುಟ್ಟದ ರೋಮನ್ ವೀರರನ್ನು ಸಾಲಾಗಿ ತೋರಿಸಿ, ಸೋತು ಶರಣಾದವರನ್ನು ಉಳಿಸು, ಸೊಕ್ಕಿದವರನ್ನು ಬಗ್ಗಿಸು ಎಂದು ರೋಮಿನ ಧರ್ಮ ಹೇಳುತ್ತದೆ. ಅಲ್ಲಿಂದ ಅವನನ್ನು ಹೊರಗೆ ಕಳಿಸುವುದು ಮಾತ್ರ ಸುಳ್ಳು ಕನಸುಗಳು ಹೊರಬರುವ ದಂತದ ಬಾಗಿಲಿಂದ. ಯಾಕೆ ಎಂದು ಕವಿ ವಿವರಿಸುವುದಿಲ್ಲ.

ಎಂಟನೆಯ ಸರ್ಗದಲ್ಲಿ ರೋಮಿನ ಮುಂದಿನ ಚರಿತ್ರೆಯನ್ನೆಲ್ಲ ಕೆತ್ತಿದ ಗುರಾಣಿ ಅವನಿಗೆ ಸಿಗುತ್ತದೆ. ಚಿತ್ರಗಳ ಅರ್ಥ ತಿಳಿಯದೆಯೇ ಅವನ್ನು ನೋಡಿ ಸಂತೋಷಪಟ್ಟು, ಮೊಮ್ಮಕ್ಕಳ ಕೀರ್ತಿ, ಭವಿಷ್ಯಗಳನ್ನು ಹೆಗಲಿಗೇರಿಸಿಕೊಳ್ಳುತ್ತಾನೆ. ತಂದೆಯನ್ನು ಹೊತ್ತ ಹೆಗಲೇ ಅದು. ಗಿಲ್ಗಮೆಶನಿಗೂ ಒಡಿಸ್ಯೂಸನಿಗೂ ತಿಳಿವು ಅವರದೇ ಅನುಭವದ ಫಲ, ಈನಿಯಸನಿಗೆ ಅದು ಹೊರಬೇಕಾದ ಹೊರೆ.

ಹೊತ್ತದ್ದು ಒಳಗಿಳಿಯಿತೆ ಎಂಬುದರ ಪರೀಕ್ಷೆ ಕಾವ್ಯದ ಕೊನೆಯ ಸಾಲುಗಳಲ್ಲಿದೆ. ಶತ್ರು ಟರ್ನಸ್ ಗಾಯಗೊಂಡು ನೆಲಕ್ಕೆ ಬಿದ್ದು, ಗೆದ್ದೆ, ಇನ್ನು ದ್ವೇಷ ಬೆಳೆಸಬೇಡ ಎಂದು ಬೇಡುತ್ತಾನೆ. ತಂದೆ ಹೇಳಿದ ಮಾತು ಇದಕ್ಕಿಂತ ನೇರವಾಗಿ ಅನ್ವಯಿಸುವ ಗಳಿಗೆ ಬೇರೆ ಇಲ್ಲ. ಈನಿಯಸನ ಕೈ ತಡೆಯುತ್ತದೆ, ಮನಸ್ಸು ಕರಗುತ್ತಲೂ ಇದೆ. ಅಷ್ಟರಲ್ಲಿ ಟರ್ನಸನ ಹೆಗಲ ಮೇಲೆ, ಅವನು ಹಿಂದೆ ಕೊಂದಿದ್ದ, ಈನಿಯಸನ ಎಳೆಯ ಗೆಳೆಯ ಪಲ್ಲಾಸನ ಕತ್ತಿಪಟ್ಟಿ ಕಣ್ಣಿಗೆ ಬೀಳುತ್ತದೆ. ಸಿಟ್ಟು ಉಕ್ಕಿ ಕತ್ತಿ ಇಳಿಸುತ್ತಾನೆ. ಟರ್ನಸನ ಪ್ರಾಣ ಕೊರಗುತ್ತ ನೆರಳುಗಳ ಲೋಕಕ್ಕೆ ಓಡುವುದರೊಂದಿಗೆ ಹನ್ನೆರಡನೆಯ ಸರ್ಗ ಮುಗಿದುಹೋಗುತ್ತದೆ. ಸಂಸ್ಕಾರವಿಲ್ಲ, ಮದುವೆಯಿಲ್ಲ, ನಗರದ ಸ್ಥಾಪನೆಯಿಲ್ಲ.

ವರ್ಜಿಲ್ ಕ್ರಿ.ಪೂ. 19ರಲ್ಲಿ ಕಾವ್ಯವನ್ನು ಕೊನೆಯ ಸಲ ತಿದ್ದದೆಯೇ ತೀರಿಕೊಂಡ. ಸುಟ್ಟುಬಿಡಿ ಎಂದು ಹೇಳಿದ್ದನೆಂದೂ, ಸಾಮ್ರಾಟ ಅಗಸ್ಟಸ್ ಸುಡಲು ಬಿಡಲಿಲ್ಲವೆಂದೂ ಹಳೆಯ ಜೀವನಚರಿತ್ರೆಗಳು ಹೇಳುತ್ತವೆ. ಹಾಗಾಗಿ ಈ ಅಂತ್ಯ ಅಪೂರ್ಣವೆಂದು ತಳ್ಳಿಹಾಕುವವರು ಒಂದು ಕಡೆ, ಗೆಳೆಯನ ಸಾವಿಗೆ ಸೇಡು ತೀರಿಸುವುದು ಆ ಕಾಲದ ಧರ್ಮವೇ ಆಗಿತ್ತು ಅನ್ನುವವರು ಇನ್ನೊಂದು ಕಡೆ, ಸಾಮ್ರಾಜ್ಯದ ಬುನಾದಿಯಲ್ಲೇ ಕೋಪವಿದೆ ಎಂದು ಕವಿ ಬೇಕೆಂದೇ ತೋರಿಸಿದ ಅನ್ನುವವರು ಮತ್ತೊಂದು ಕಡೆ ನಿಂತು ಇಂದಿಗೂ ವಾದಿಸುತ್ತಿದ್ದಾರೆ. ನನ್ನ ಒಲವು ಮೂರನೆಯವರ ಕಡೆಗೆ. ಪಟ್ಟಿ ಕಾಣುವ ಮುಂಚೆ ಅವನ ಕೈ ತಡೆಯಿತು ಎಂಬ ಒಂದು ಸಾಲನ್ನು ವರ್ಜಿಲ್ ಬರೆಯದೆ ಬಿಡಬಹುದಿತ್ತು, ಬಿಡಲಿಲ್ಲ.